ಬಾಗಿಲಿನ ನುಣುಪು: ಅರಗಿನಿಂದ ಡುಕೋವರೆಗೆ

ಇಂದು ರಾತ್ರಿ ಒಂದು ಸಣ್ಣ ವೀಕ್ಷಣೆ ಮಾಡಿ ನೋಡಿ. ನಿಮ್ಮ ಮನೆಯ ಒಳಕೋಣೆಯ ಬಾಗಿಲನ್ನು ಮುಚ್ಚಿ, ದೀಪ ಆರಿಸಿ. ಟಾರ್ಚನ್ನು ಬಾಗಿಲಿನ ಹಲಗೆಗೆ ಹೆಚ್ಚುಕಡಿಮೆ ತಾಗಿಸಿ ಹಿಡಿದು, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಹಾಯಿಸಿ. ಹಗಲಿನಲ್ಲಿ ನುಣ್ಣಗೆ ಕಾಣುತ್ತಿದ್ದ ಬಾಗಿಲು ಈಗ ಉಳುಮೆ ಮಾಡಿದ ಹೊಲದಂತೆ ಕಾಣುತ್ತದೆ! ಕುಂಚದ ಗೆರೆಗಳು, ಮರದ ಎಳೆಗಳ ಏರುತಗ್ಗು, ಜಾರುತ್ತಾ ಅರ್ಧದಲ್ಲೇ ಗಟ್ಟಿಯಾದ ಬಣ್ಣದ ಹನಿ, ಅಂಟಿಕೊಂಡ ಧೂಳಿನ ಕಣ ಎಲ್ಲವೂ ನೆರಳು ಚೆಲ್ಲುತ್ತವೆ.

ಈ ಏರುತಗ್ಗುಗಳ ಪ್ರಮಾಣ ಎಷ್ಟು? ಒಂದು ಸರಳ ಲೆಕ್ಕ ಹಾಕೋಣ. ಒಂದು ಲೀಟರ್ ಎನಾಮೆಲ್ ಬಣ್ಣವನ್ನು 10 ಚದರ ಮೀಟರ್ ಜಾಗಕ್ಕೆ ಹಚ್ಚಿದರೆ ಹಸಿ ಪದರದ ದಪ್ಪ 0.1 ಮಿಲಿಮೀಟರ್, ಅಂದರೆ 100 ಮೈಕ್ರಾನ್. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಭಾಗ ದ್ರಾವಕ. ಅದು ಆವಿಯಾಗಿ ಹೋದ ಮೇಲೆ ಬಾಗಿಲಿನ ಮೇಲೆ ಉಳಿಯುವುದು ಸುಮಾರು 50 ಮೈಕ್ರಾನ್. ನಿಮ್ಮ ತಲೆಗೂದಲಿನ ದಪ್ಪಕ್ಕಿಂತ ಇದು ಕಡಿಮೆ. ಆದರೆ ತೇಗದ ಮರವನ್ನು ಅಡ್ಡಕೊಯ್ದು ಮಸೂರದಲ್ಲಿ ನೋಡಿದರೆ ಕಾಣುವ ನೀರುನಾಳಗಳ ಅಗಲ 200ರಿಂದ 300 ಮೈಕ್ರಾನ್! ಇಂತಹ ಕಾಲುವೆಯನ್ನು 50 ಮೈಕ್ರಾನಿನ ಹೊದಿಕೆ ತುಂಬಲಾರದು. ಅದು ಕಾಲುವೆಯ ಆಕಾರವನ್ನೇ ಅನುಸರಿಸಿ ಒಣಗುತ್ತದೆ. ಬಣ್ಣಕ್ಕೆ ಹೊಳಪು ಹೆಚ್ಚಿದಷ್ಟೂ ಆ ತಗ್ಗು ಇನ್ನಷ್ಟು ಎದ್ದು ಕಾಣುತ್ತದೆ.

ಹಾಗಾಗಿ ನುಣುಪು ಇರುವುದು ಬಣ್ಣದಲ್ಲಲ್ಲ, ಬಣ್ಣದ ಕೆಳಗೆ. ಬಾಗಿಲಿಗೆ ಬಣ್ಣ ಹಚ್ಚುವ ವಿದ್ಯೆಯ ಚರಿತ್ರೆ ಎಂದರೆ ಬಹುಮಟ್ಟಿಗೆ ಆ ತಗ್ಗುಗಳನ್ನು ಯಾವುದರಿಂದ ತುಂಬಬೇಕು, ಹೇಗೆ ಉಜ್ಜಬೇಕು ಎಂಬುದರ ಚರಿತ್ರೆಯೇ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳೆಯ ಮತ್ತು ಹೊಸ ಮನೆಗಳನ್ನು ನೋಡುತ್ತಾ ಹೋದರೆ ಈ ಚರಿತ್ರೆಯ ಬಹುಪಾಲು ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಒಂದು ವಿಷದ ಅಧ್ಯಾಯವೂ ಇದೆ. ಅದಿನ್ನೂ ಪೂರ್ತಿಯಾಗಿ ಮುಗಿದಿಲ್ಲ.

ಮರದ ನಾಡು

ಹೆಗ್ಗಡದೇವನಕೋಟೆಯ ಕಾಕನಕೋಟೆ ಮತ್ತು ಹುಣಸೂರಿಗೆ ತಾಗಿದ ನಾಗರಹೊಳೆ ಕಾಡುಗಳು ತೇಗ, ಹೊನ್ನೆ, ಮತ್ತಿ, ಬೀಟೆ ಮರಗಳಿಗೆ ಹೆಸರಾದವು. 19ನೇ ಶತಮಾನದಲ್ಲಿ ಮದ್ರಾಸ್ ಸೈನ್ಯದ ಕಮಿಸರಿಯಟ್ ಇಲಾಖೆ ಹುಣಸೂರಿನಲ್ಲಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆಗಳ ಜೊತೆಗೆ ಒಂದು ಮರದ ಅಂಗಳವನ್ನೂ ನಡೆಸುತ್ತಿತ್ತು. ಅವು ಮುಚ್ಚಿದ ಮೇಲೂ ಹುಣಸೂರಿನ ಗಾಡಿಗಳಿಗೆ ಒಳ್ಳೆಯ ಹೆಸರು ಉಳಿದುಕೊಂಡಿತು.

ಇಂತಹ ಸೀಮೆಯಲ್ಲಿ ಬಾಗಿಲಿಗೆ ಬಣ್ಣ ಹಚ್ಚುವ ಅಗತ್ಯವೇ ಇರಲಿಲ್ಲ. ತೊಟ್ಟಿಮನೆಯ ಬಾಗಿಲು ಎಂದರೆ ದಪ್ಪ ಹಲಗೆ. ಉಜ್ಜುಗೊರಡಿನಿಂದ ಹೆರೆದು ಆಗಾಗ ಎಣ್ಣೆ ಸವರಿದರೆ ಸಾಕು, ತಲೆಮಾರುಗಳ ಕೈ ಸೋಕಿ ಅದು ತಾನೇ ನುಣುಪಾಗುತ್ತಿತ್ತು. ಸರ್ಕಾರಿ ಕಟ್ಟಡಗಳ ಮೂಲಕ ಎಣ್ಣೆ ಬಣ್ಣ ಊರೊಳಗೆ ಬಂದಾಗ ತೊಡಕು ಎದುರಾಯಿತು. ತೇಗದಲ್ಲಿ ಸಹಜವಾಗಿಯೇ ಇರುವ ಎಣ್ಣೆಯಂತಹ ರಾಸಾಯನಿಕಗಳು ಉತ್ಕರ್ಷಣವನ್ನು ತಡೆಯುತ್ತವೆ. ಮರಕ್ಕೆ ಗೆದ್ದಲು ಹತ್ತದಂತೆ ಕಾಯುವುದು ಈ ಗುಂಪಿನ ವಸ್ತುಗಳೇ. ಆದರೆ ಎಣ್ಣೆ ಬಣ್ಣ ಒಣಗಬೇಕಾದರೆ ಉತ್ಕರ್ಷಣ ನಡೆಯಲೇಬೇಕು! ಹಾಗಾಗಿ ತೇಗದ ಮೇಲೆ ಹಚ್ಚಿದ ಬಣ್ಣ ದಿನಗಟ್ಟಲೆ ಜಿಗುಟಾಗಿ ಉಳಿಯುವುದುಂಟು. ಹೊನ್ನೆಯದು ಬೇರೆ ತಕರಾರು. ಅದರ ಕೆಂಪು ರಸ ಬಿಳಿಯ ಬಣ್ಣದ ಪದರವನ್ನು ತೂರಿಕೊಂಡು ಮೇಲೆ ಬಂದು ಕಲೆ ಕಟ್ಟುತ್ತದೆ. ಮರದ ಗಂಟುಗಳಿಂದ ರಾಳ ಒಸರುವುದೂ ಹೀಗೆಯೇ.

ಮರ ಮತ್ತು ಬಣ್ಣ ಪರಸ್ಪರ ಸೋಕದಂತೆ ನಡುವೆ ಒಂದು ಗೋಡೆ ಬೇಕು. ಆ ಗೋಡೆಯೇ ಅರಗು.

ಒಂದು ಕೀಟದ ಕೊಡುಗೆ

ಮುತ್ತುಗ, ಜಾಲಾರಿ, ಬೋರೆ ಮುಂತಾದ ಮರಗಳ ಎಳೆಯ ಕೊಂಬೆಗಳಿಗೆ ಅಂಟಿಕೊಂಡು ರಸ ಹೀರುವ ಕೆರಿಯಾ ಲಕ್ಕ ಎಂಬ ಪುಟ್ಟ ಕೀಟ ತನ್ನ ರಕ್ಷಣೆಗಾಗಿ ಸ್ರವಿಸುವ ರಾಳವೇ ಅರಗು. ಅದನ್ನು ಕೊಂಬೆಯಿಂದ ಬಿಡಿಸಿ, ತೊಳೆದು, ಕರಗಿಸಿ, ಹಾಳೆಯಾಗಿ ಎಳೆದರೆ ಷೆಲ್ಲಾಕ್ ಸಿಗುತ್ತದೆ. ಬಣ್ಣದ ಕೆಲಸದಲ್ಲಿ ಇದರ ಬೆಲೆ ಇರುವುದು ಒಂದೇ ಗುಣದಲ್ಲಿ: ಅದು ಸ್ಪಿರಿಟ್‌ನಲ್ಲಿ ಕರಗುತ್ತದೆ, ಎಣ್ಣೆಯಲ್ಲಿಯೂ ಟರ್ಪೆಂಟೈನ್‌ನಲ್ಲಿಯೂ ಕರಗುವುದಿಲ್ಲ. ಆದ್ದರಿಂದ ಗಂಟಿನ ಮೇಲೆ ಸ್ಪಿರಿಟ್‌ನಲ್ಲಿ ಕರಗಿಸಿದ ಷೆಲ್ಲಾಕನ್ನು ಎರಡು ಸಲ ಹಚ್ಚಿದರೆ ಕೆಳಗಿನ ರಾಳ ಮೇಲೆ ಬರುವುದಿಲ್ಲ, ಮೇಲಿನ ಎಣ್ಣೆ ಕೆಳಗೆ ಇಳಿಯುವುದಿಲ್ಲ. ಅರ್ಧ ಗಂಟೆಯಲ್ಲಿ ಒಣಗಿಯೂ ಬಿಡುತ್ತದೆ.

ಅರಗಿನ ನುಣುಪಿಗೆ ಕನ್ನಡ ನಾಡಿನಲ್ಲಿ ಹಳೆಯ ಸಾಕ್ಷಿ ಎಂದರೆ ಚನ್ನಪಟ್ಟಣದ ಬೊಂಬೆಗಳು. ತಿರುಗುತ್ತಿರುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಘರ್ಷಣೆಯ ಶಾಖಕ್ಕೆ ಅದು ಕರಗಿ ಮರದ ರಂಧ್ರಗಳನ್ನು ತುಂಬುತ್ತದೆ. ಬಳಿಕ ಕೇದಗೆಯ ಗರಿಯಿಂದ ಒತ್ತಿ ಹೊಳಪು ತರುತ್ತಾರೆ. ಕುಂಚವಿಲ್ಲ, ದ್ರಾವಕವಿಲ್ಲ, ಹಾಗಾಗಿ ಗೆರೆಯೂ ಇಲ್ಲ. ಬಾಗಿಲನ್ನು ಹೀಗೆ ಚರಕಿಗೆ ಹಾಕಿ ತಿರುಗಿಸುವಂತಿದ್ದರೆ ಈ ಲೇಖನದ ಅಗತ್ಯವೇ ಇರುತ್ತಿರಲಿಲ್ಲ!

1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಆರಂಭವಾಯಿತು. ಕಾರ್ಖಾನೆಯ ಹೆಸರಿನಲ್ಲೇ ಅರಗು ಮೊದಲು, ಬಣ್ಣ ಆಮೇಲೆ ಎಂಬುದನ್ನು ಗಮನಿಸಿ. ಸಂಸ್ಥಾನದ ಕಾಡುಗಳಲ್ಲಿ ದೊರೆಯುವ ಅರಗನ್ನು ಉಪಯೋಗಕ್ಕೆ ತರುವುದು ಅದರ ಮೂಲ ಉದ್ದೇಶಗಳಲ್ಲಿ ಒಂದಾಗಿತ್ತು. ಮುದ್ರೆಯ ಅರಗು, ಬಣ್ಣ, ವಾರ್ನಿಷ್ ತಯಾರಿಸುತ್ತಿದ್ದ ಈ ಕಾರ್ಖಾನೆ 1989ರಲ್ಲಿ ‘ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್’ ಎಂಬ ಹೆಸರು ಪಡೆಯಿತು. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯಿಂದಾಗಿ ಅದು ದೇಶಕ್ಕೆಲ್ಲ ಪರಿಚಿತವಾಯಿತು. ಆ ಖ್ಯಾತಿಯಲ್ಲಿ ಅದರ ಮೊದಲ ಕಸುಬು, ಅಂದರೆ ಮರ ಮತ್ತು ಲೋಹದ ಮೇಲಿನ ಹೊದಿಕೆ, ಸ್ವಲ್ಪ ಮರೆಯಾಗಿದೆ ಎನ್ನಬೇಕು.

ಎಣ್ಣೆ ‘ಒಣಗುವುದು’ ಎಂದರೇನು?

ಅರಗಿನ ಮೇಲೆ ಬರುವುದು ಎಣ್ಣೆ ಬಣ್ಣ. ಎಣ್ಣೆ ಹೇಗೆ ಒಣಗುತ್ತದೆ ಎಂದು ತರಗತಿಯಲ್ಲಿ ಕೇಳಿದರೆ ಹೆಚ್ಚಿನವರು ‘ಆವಿಯಾಗಿ’ ಎಂದು ಉತ್ತರಿಸುತ್ತಾರೆ. ಅದು ನಿಜವಲ್ಲ ಎಂದು ತೋರಿಸಲು ನಾಲ್ಕು ಗಾಜಿನ ಪಟ್ಟಿಗಳು ಸಾಕು. ಒಂದಕ್ಕೆ ಅಗಸೆ ಎಣ್ಣೆ, ಒಂದಕ್ಕೆ ಹುಚ್ಚೆಳ್ಳೆಣ್ಣೆ, ಒಂದಕ್ಕೆ ಹೊಂಗೆ ಎಣ್ಣೆ, ಕೊನೆಯದಕ್ಕೆ ಕೊಬ್ಬರಿ ಎಣ್ಣೆಯನ್ನು ತೆಳ್ಳಗೆ ಸವರಿ ಕಿಟಕಿಯ ಬಳಿ ಎರಡು ವಾರ ಇಡಿ. ಅಗಸೆ ಎಣ್ಣೆ ಚರ್ಮ ಕಟ್ಟುತ್ತದೆ. ಹುಚ್ಚೆಳ್ಳೆಣ್ಣೆ ನಿಧಾನವಾಗಿ ಜಿಗುಟಾಗುತ್ತದೆ. ಉಳಿದೆರಡು ಎಣ್ಣೆಯಾಗಿಯೇ ಉಳಿಯುತ್ತವೆ. ನಿಮ್ಮ ಪ್ರಯೋಗಾಲಯದಲ್ಲಿ ಸೂಕ್ಷ್ಮ ತಕ್ಕಡಿ ಇದ್ದರೆ ಮೊದಲನೆಯ ಪಟ್ಟಿಯನ್ನು ತೂಗಿ ನೋಡಿ. ತೂಕ ಕಡಿಮೆಯಾಗಿರುವುದಿಲ್ಲ, ಹೆಚ್ಚಾಗಿರುತ್ತದೆ! ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡಿದೆ. ಅದರ ಅಣುಗಳಲ್ಲಿನ ದ್ವಿಬಂಧಗಳ ಬಳಿ ಆಮ್ಲಜನಕ ಸೇರಿ, ಅಣು ಅಣುವಿಗೆ ಕೊಂಡಿ ಬಿದ್ದು ಬಲೆಯಂತಹ ಪಾಲಿಮರ್ ಉಂಟಾಗಿದೆ. ದ್ವಿಬಂಧಗಳ ಅಳತೆಗೋಲಾದ ಅಯೊಡಿನ್ ಸಂಖ್ಯೆ ಅಗಸೆ ಎಣ್ಣೆಗೆ 170ಕ್ಕೂ ಹೆಚ್ಚು, ಹುಚ್ಚೆಳ್ಳಿಗೆ ಸುಮಾರು 130, ಹೊಂಗೆಗೆ 80–90, ಕೊಬ್ಬರಿ ಎಣ್ಣೆಗೆ ಹತ್ತರೊಳಗೆ. (ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಈ ಕ್ರಿಯೆಯ ಶಾಖ ಒಳಗೇ ಸೇರಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿಡಿ.)

ಅಗಸೆ ಎಣ್ಣೆಗೆ ಸೀಮೆಸುಣ್ಣದ ಪುಡಿ ಸೇರಿಸಿ ನಾದಿದರೆ ಪುಟ್ಟಿ. ತಗ್ಗು ತುಂಬುವುದು ಇದರ ಕೆಲಸ. ಹಚ್ಚಿ, ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಹಚ್ಚುವುದು. ಹೀಗೆ ಬಿಳಿಯ ಪುಡಿಯ ತೆಳುವಾದ ಪದರಗಳನ್ನು ಉಜ್ಜಿ ಉಜ್ಜಿ ಮೇಲ್ಮೈಯನ್ನು ಸಮ ಮಾಡುವ ವಿದ್ಯೆ ನಮಗೆ ಹೊಸದಲ್ಲ. 1961ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲೆಯಾದ ಟಿಬೆಟನ್ನರು ಈ ವಿದ್ಯೆಯ ಇನ್ನೊಂದು ಪರಂಪರೆಯನ್ನು ತಂದರು. ಥಂಕಾ ಚಿತ್ರ ಬರೆಯುವ ಬಟ್ಟೆಗೆ ಸುಣ್ಣದ ಬಿಳಿಪುಡಿ ಮತ್ತು ಚರ್ಮದ ಅಂಟಿನ ಲೇಪ ಹಚ್ಚಿ, ನುಣುಪಾದ ಕಲ್ಲಿನಿಂದ ತಾಳ್ಮೆಯಿಂದ ಉಜ್ಜುತ್ತಾರೆ. ಬೆಳಕಿಗೆ ಹಿಡಿದು ನೋಡಿ, ನೇಯ್ಗೆಯ ಎಳೆ ಕಾಣದಂತಾದ ಮೇಲೆಯೇ ರೇಖೆ ಎಳೆಯುವುದು. ನೀವು ಟಾರ್ಚ್ ಹಿಡಿದು ಮಾಡಿದ ಪರೀಕ್ಷೆಯೂ ಅದೇ ಜಾತಿಯದು.

ಬಿಳಿಯ ವಿಷ

ಈಗ ಆ ವಿಷದ ಅಧ್ಯಾಯಕ್ಕೆ ಬರೋಣ. ಎಣ್ಣೆ ಬಣ್ಣದ ಮೊದಲ ಲೇಪಕ್ಕೆ ಶತಮಾನಗಳ ಕಾಲ ಬಳಸಿದ ಬಿಳಿಪುಡಿ ಬಿಳಿ ಸೀಸ, ಅಂದರೆ ಸೀಸದ ಪ್ರತ್ಯಾಮ್ಲೀಯ ಕಾರ್ಬೊನೇಟ್. ಅದನ್ನು ಬಿಡಲು ಕುಶಲಕರ್ಮಿಗಳು ಒಪ್ಪದಿದ್ದುದಕ್ಕೆ ಕಾರಣವಿತ್ತು. ಅಗಸೆ ಎಣ್ಣೆಯ ಆಮ್ಲಗಳೊಡನೆ ಸೀಸ ಸೇರಿ ಸಾಬೂನಿನಂತಹ ಸಂಯುಕ್ತ ಉಂಟಾಗಿ, ಪದರ ಗಟ್ಟಿಯೂ ಬಾಗುವಂತಹದೂ ಆಗುತ್ತದೆ. ಮಳೆಗಾಲದಲ್ಲಿ ಮರ ಹಿಗ್ಗಿ, ಬೇಸಿಗೆಯಲ್ಲಿ ಕುಗ್ಗಿದರೂ ಬಿರಿಯುವುದಿಲ್ಲ. ಸೀಸ ಎಣ್ಣೆಯನ್ನು ಬೇಗ ಒಣಗಿಸುತ್ತದೆ ಕೂಡ. ಗಂಟಿಗೆ ಹಚ್ಚಲು ಕೆಂಪು ಸೀಸವನ್ನು ಬಿಸಿ ಅಂಟಿನಲ್ಲಿ ಕಲಸುವ ಕ್ರಮ ನಮ್ಮ ಪಾಲಿಟೆಕ್ನಿಕ್ ಪಠ್ಯಗಳಲ್ಲಿಯೂ ಇದೆ. ಅದೇ ಪುಟದಲ್ಲಿ ಷೆಲ್ಲಾಕ್ ಹಚ್ಚುವ ಕ್ರಮವೂ ಇರುತ್ತದೆ! ಗುಳಿಗೆಗಳಿಗೂ ಮಿಠಾಯಿಗಳಿಗೂ ಹೊದಿಕೆಯಾಗಿ ಬಳಸುವಷ್ಟು ನಿರಪಾಯಕಾರಿಯಾದ ಅರಗು ಒಂದೆಡೆ, ಮಿದುಳಿಗೆ ಹಾನಿ ಮಾಡುವ ಸೀಸ ಇನ್ನೊಂದೆಡೆ. ಎರಡೂ ಒಂದೇ ಗಂಟಿಗೆ ಪರ್ಯಾಯ ಮದ್ದುಗಳು.

1904ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್, ಮಕ್ಕಳಲ್ಲಿ ಕಾಣುತ್ತಿದ್ದ ಸೀಸವಿಷದ ಮೂಲ ಮನೆಯ ಗೋಡೆ ಮತ್ತು ಜಗಲಿಯ ಕಟಕಟೆಗಳ ಬಣ್ಣದ ಪುಡಿ ಎಂದು ತೋರಿಸಿದರು. ಬಿಸಿಲಿಗೆ ಪುಡಿಯಾದ ಬಣ್ಣ ಮಕ್ಕಳ ಬೆರಳಿಗೆ, ಅಲ್ಲಿಂದ ಬಾಯಿಗೆ. ಕಟ್ಟಡಗಳ ಒಳಭಾಗಕ್ಕೆ ಬಿಳಿ ಸೀಸ ಬಳಸಬಾರದೆಂಬ ಒಡಂಬಡಿಕೆಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1921ರಲ್ಲಿಯೇ ಅಂಗೀಕರಿಸಿತು. ಅಮೆರಿಕ ಮನೆ ಬಣ್ಣಗಳಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ನಮ್ಮ ದೇಶದಲ್ಲಿ ನಿಯಮ ಹೊರಬಿದ್ದದ್ದು 2016ರಲ್ಲಿ. 2017ರ ನವೆಂಬರ್‌ನಿಂದ ಮನೆಬಳಕೆಯ ಬಣ್ಣಗಳಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರುವಂತಿಲ್ಲ. ಗಿಬ್ಸನ್ನರ ವರದಿಯಿಂದ ಇಲ್ಲಿಗೆ ನೂರಹನ್ನೆರಡು ವರ್ಷ!

ಈ ಎಚ್ಚರವನ್ನು ನಮ್ಮಲ್ಲಿ ಮೂಡಿಸಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಪ್ರಮುಖರು. 1990ರ ದಶಕದ ಕೊನೆಯಲ್ಲಿ ಜಾರ್ಜ್ ಪ್ರತಿಷ್ಠಾನ ನಡೆಸಿದ ಸಮೀಕ್ಷೆಯಲ್ಲಿ, ಪರೀಕ್ಷೆಗೊಳಗಾದ ನಗರದ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸ ಕಂಡುಬಂದಿತ್ತು. ಆಗ ಪೆಟ್ರೋಲಿನಲ್ಲಿಯೂ ಸೀಸ ಇತ್ತು, ಅದರ ಪಾಲು ದೊಡ್ಡದು. ಪೆಟ್ರೋಲಿನ ಸೀಸ 2000ದಲ್ಲಿ ಹೋಯಿತು. ಬಾಗಿಲ ಮೇಲಿನದು ಹಾಗೇ ಉಳಿಯಿತು.

ಯಾವ ಬಾಗಿಲಿನಲ್ಲಿ ಹೆಚ್ಚು? ಬಿಳಿಗೆ ಬದಲಿ ವರ್ಣದ್ರವ್ಯ ಬಹಳ ಹಿಂದೆಯೇ ಬಂದಿತ್ತು. ಕೇರಳದ ಕಡಲತೀರದ ಇಲ್ಮನೈಟ್ ಮರಳಿನಿಂದ ಟೈಟೇನಿಯಂ ಡೈಆಕ್ಸೈಡ್ ತಯಾರಿಸುವ ತಿರುವಾಂಕೂರು ಟೈಟೇನಿಯಂ ಕಾರ್ಖಾನೆ 1946ರಲ್ಲಿ ಸ್ಥಾಪನೆಯಾಯಿತು. ಬಿಳಿ ಸೀಸಕ್ಕಿಂತ ಅದು ಎಷ್ಟೋ ಹೆಚ್ಚು ಮರೆಮಾಚುವ ಶಕ್ತಿ ಉಳ್ಳದ್ದು, ವಿಷವೂ ಅಲ್ಲ. ಆದರೆ ಹಳದಿಗೆ ಸೀಸದ ಕ್ರೋಮೇಟ್, ಹಸಿರಿಗೆ ಅದೇ ಹಳದಿಯ ಜೊತೆ ನೀಲಿ, ಹೀಗೆ ಸೀಸ ಬಣ್ಣದ ಡಬ್ಬಿಯಲ್ಲಿ ಮುಂದುವರಿಯಿತು. ಹಳೆಯ ಶಾಲೆ, ಕಚೇರಿಗಳ ಹಸಿರು ಬಾಗಿಲು ನಿಮ್ಮ ಕಣ್ಣ ಮುಂದೆ ಬಂತಲ್ಲವೇ?

ಸಪಾಟು ಬಾಗಿಲು ಬಂದದ್ದು

ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, ಮುಂದೆ ರಾಷ್ಟ್ರೀಯ ಉದ್ಯಾನವೂ ಆಯಿತು. ಕಾಡಿನ ಮರದ ಬಳಕೆಗೆ 1996ರ ಡಿಸೆಂಬರಿನ ಸುಪ್ರೀಂ ಕೋರ್ಟ್ ಆದೇಶ ಇನ್ನಷ್ಟು ಕಡಿವಾಣ ಹಾಕಿತು. ತೇಗದ ಬಾಗಿಲು ಸಾಮಾನ್ಯರ ಕೈಗೆ ಎಟುಕದಾಯಿತು. ಮುಂಬಾಗಿಲಿಗೆ ಮಾತ್ರ ತೇಗ, ಒಳಬಾಗಿಲುಗಳಿಗೆಲ್ಲ ಫ್ಲಷ್ ಬಾಗಿಲು ಎಂಬುದು ಈಗ ಈ ನಾಲ್ಕೂ ತಾಲ್ಲೂಕುಗಳ ರೂಢಿ. ಹುಣಸೂರಿನಲ್ಲಿಯೇ ಪ್ಲೈವುಡ್ ಕಾರ್ಖಾನೆ ಬಂತು. ಪ್ಲೈವುಡ್ ಉದ್ಯಮದ ಸಂಶೋಧನೆಗಾಗಿ ಬೆಂಗಳೂರಿನಲ್ಲಿ 1962ರಲ್ಲಿ ಸಂಸ್ಥೆಯೊಂದು ಹುಟ್ಟಿತು.

ಫ್ಲಷ್ ಬಾಗಿಲಿನಲ್ಲಿ ಕೆತ್ತನೆಯಿಲ್ಲ, ಚೌಕವಿಲ್ಲ. ಮರದ ಪಟ್ಟಿಗಳ ಗರ್ಭ, ಅದರ ಎರಡೂ ಬದಿಗೆ ತೆಳುವಾದ ಹಾಳೆಗಳು, ನಡುವೆ ರಾಳದ ಅಂಟು. ಇಂತಹ ಸಪಾಟು ಬಾಗಿಲನ್ನು ನುಣುಪು ಮಾಡುವುದು ಸುಲಭ ಎನಿಸುತ್ತದೆ. ನಿಜಕ್ಕೂ ಕಷ್ಟ ಇಲ್ಲಿಯೇ ಹೆಚ್ಚು. ಕೆತ್ತನೆಯ ಬಾಗಿಲಿನಲ್ಲಿ ಕಣ್ಣು ಹೂಬಳ್ಳಿಯ ಮೇಲೆ ನಿಲ್ಲುತ್ತದೆ. ಸಪಾಟು ಬಾಗಿಲಿನಲ್ಲಿ ಕಣ್ಣಿಗೆ ದೋಷವನ್ನು ಬಿಟ್ಟರೆ ಬೇರೇನೂ ಸಿಗುವುದಿಲ್ಲ! ಜೊತೆಗೆ, ಪೆನ್ಸಿಲ್ ಹೆರೆದಂತೆ ದಿಮ್ಮಿಯನ್ನು ತಿರುಗಿಸಿ ಹಾಳೆ ಬಿಡಿಸುವಾಗ ಅದರ ಒಳಮುಖದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಏಳುತ್ತವೆ. ಬಣ್ಣ ಹಚ್ಚಿ ಒಂದೆರಡು ಮಳೆಗಾಲ ಕಳೆದ ಮೇಲೆ ಎಳೆಯ ಗುಂಟ ಕೂದಲಿನಂತಹ ಸೀಳುಗಳು ಮೂಡಿದರೆ ಅದು ಬಣ್ಣದ ತಪ್ಪಲ್ಲದಿರಬಹುದು. ಬಾಗಿಲಿನ ತಲೆ ಮತ್ತು ಅಡಿಯ ಅಂಚುಗಳಿಗೆ ಯಾರೂ ನೋಡುವುದಿಲ್ಲವೆಂದು ಬಣ್ಣ ಹಚ್ಚದೆ ಬಿಟ್ಟರೆ ತೇವ ಅಲ್ಲಿಂದಲೇ ಒಳಸೇರುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವ ಎಷ್ಟಿದೆ ಎಂದು ತಿಳಿಯಬೇಕೆ? ತಂಬಾಕು ಹದಮಾಡುವ ಬ್ಯಾರನ್‌ಗಳಲ್ಲಿ ಒಣ ಮತ್ತು ಒದ್ದೆ ಬುರುಡೆಯ ಉಷ್ಣಮಾಪಕ ಇಟ್ಟುಕೊಂಡ ರೈತರು ನಿಮ್ಮ ವಿದ್ಯಾರ್ಥಿಗಳ ಮನೆಯಲ್ಲೇ ಇರಬಹುದು. ಎರವಲು ಕೇಳಿ.

ಇನ್ನು ಕುಂಚದ ಗೆರೆಗಳ ಮಾತು. ಹಸಿ ಬಣ್ಣದ ಮೇಲ್ಮೈ ಎಳೆತ ಗೆರೆಗಳನ್ನು ಸಮ ಮಾಡಲು ಯತ್ನಿಸುತ್ತದೆ, ಬಣ್ಣದ ಸ್ನಿಗ್ಧತೆ ತಡೆಯುತ್ತದೆ. 1962ರಲ್ಲಿ ಆರ್ಚರ್ಡ್ ಎಂಬ ವಿಜ್ಞಾನಿ ಇದರ ಗಣಿತವನ್ನು ಬಿಡಿಸಿದರು. ಸಮವಾಗುವ ವೇಗ ಪದರದ ದಪ್ಪದ ಘನಕ್ಕೆ ಅನುಲೋಮವಾಗಿಯೂ, ಗೆರೆಗಳ ನಡುವಿನ ಅಂತರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿಯೂ ಇರುತ್ತದೆ. ಅಂದರೆ ಗೆರೆಗಳ ಅಂತರ ಅರ್ಧವಾಗುವಂತಹ ನವಿರಾದ ಕುಂಚ ಬಳಸಿದರೆ ಗೆರೆ 16 ಪಟ್ಟು ಬೇಗ ಮಾಯವಾಗುತ್ತದೆ! ಪದರವನ್ನು ಅರ್ಧ ತೆಳುವಾಗಿಸಿದರೆ 8 ಪಟ್ಟು ನಿಧಾನವಾಗುತ್ತದೆ. ಹಾಗಾದರೆ ದಪ್ಪಗೆ ಹಚ್ಚಬಹುದೇ? ನಿಂತ ಬಾಗಿಲಿನಲ್ಲಿ ಬಣ್ಣ ಜಾರುವ ವೇಗ ದಪ್ಪದ ವರ್ಗಕ್ಕೆ ಅನುಲೋಮ. ದಪ್ಪ ಎರಡು ಪಟ್ಟಾದರೆ ಜಾರುವಿಕೆ ನಾಲ್ಕು ಪಟ್ಟು. ಅನುಭವಿ ಬಣ್ಣಗಾರರು ಬಾಗಿಲನ್ನು ಕೀಲಿನಿಂದ ಬಿಚ್ಚಿ, ಎರಡು ಸ್ಟೂಲಿನ ಮೇಲೆ ಮಲಗಿಸಿ ಬಣ್ಣ ಹಚ್ಚುವುದು ಈ ಎರಡು ನಿಯಮಗಳಿಗೆ ಅವರು ಕಂಡುಕೊಂಡ ಉತ್ತರ. ಸಮೀಕರಣ ಓದಿದವರಿಗಿಂತ ಅವರೇ ಮೊದಲು ಕಂಡುಕೊಂಡದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಕುಂಚವನ್ನೇ ಬಿಟ್ಟುಬಿಡುವ ದಾರಿ ಕಾರಿನಿಂದ ಬಂತು. ಕಾರಿನ ಮೈಗೆ ಬಣ್ಣ ಒಣಗಲು ವಾರಗಳೇ ಬೇಕಾಗುತ್ತಿದ್ದ ಕಾಲದಲ್ಲಿ, 1923–24ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಸಂಸ್ಥೆ ನೈಟ್ರೊಸೆಲ್ಯುಲೋಸಿನ ‘ಡುಕೋ’ ಎಂಬ ಸಿಂಪಡಿಸುವ ಬಣ್ಣವನ್ನು ತಂದಿತು. ಅದು ಗಂಟೆಗಳಲ್ಲಿ ಒಣಗುತ್ತಿತ್ತು. ಇಂದು ಮೈಸೂರಿನ ಬಡಗಿಗಳು ಸಿಂಪಡಿಸಿದ ಕನ್ನಡಿ ನುಣುಪಿನ ಯಾವುದೇ ಬಾಗಿಲನ್ನು ‘ಡುಕೋ’ ಎನ್ನುತ್ತಾರೆ. ಡಬ್ಬಿಯಲ್ಲಿರುವುದು ಎಷ್ಟೋ ಸಲ ಪಾಲಿಯುರಿಥೇನ್. ಜರ್ಮನಿಯಲ್ಲಿ ಆಟೊ ಬಾಯರ್ ಅದನ್ನು ಕಂಡುಹಿಡಿದದ್ದು ಮೈಸೂರಿನ ಅರಗಿನ ಕಾರ್ಖಾನೆ ಆರಂಭವಾದ ಆ 1937ರಲ್ಲಿಯೇ! ಸಿಂಪಡಿಸುವಾಗ ಹೊರಬರುವ ಐಸೊಸಯನೇಟ್ ಹನಿಗಳು ಉಸಿರಿನೊಂದಿಗೆ ಒಳಹೋದರೆ ಆಸ್ತಮಾ ತರಬಲ್ಲವು. ಬಾಯಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಅದಕ್ಕೆ ಸರಿಯಾದ ಉಸಿರಾಟದ ಮುಖಕವಚ ಬೇಕು. ಇಷ್ಟೆಲ್ಲ ಆದರೂ ಕೆಳಗಿನ ಪುಟ್ಟಿಯನ್ನು ಉಜ್ಜುವ ಕೆಲಸ ಡುಕೋದಲ್ಲಿಯೂ ತಪ್ಪಿಲ್ಲ.

ಹಳೆಯ ಬಾಗಿಲನ್ನು ಉಜ್ಜುವ ಮುನ್ನ

ನಿಮ್ಮ ಮನೆಯಲ್ಲೋ ಶಾಲೆಯಲ್ಲೋ 2017ಕ್ಕಿಂತ ಹಿಂದಿನ ಎನಾಮೆಲ್ ಹಚ್ಚಿದ ಬಾಗಿಲನ್ನು ಹೊಸದಾಗಿ ನುಣುಪು ಮಾಡಬೇಕೆಂದಿದ್ದರೆ ಅದರಲ್ಲಿ ಸೀಸವಿದೆ ಎಂದೇ ತಿಳಿದು ಕೆಲಸ ಆರಂಭಿಸಿ. ಬಣ್ಣ ಗಟ್ಟಿಯಾಗಿ ಹಿಡಿದಿದ್ದರೆ ಅದನ್ನು ಕೀಳಲು ಹೋಗಬೇಡಿ. ಬ್ಲೋ ಲ್ಯಾಂಪಿನಿಂದ ಸುಡುವುದಂತೂ ಬೇಡವೇ ಬೇಡ, ಸೀಸದ ಹೊಗೆ ಏಳುತ್ತದೆ. ಮೇಲ್ಮೈಯನ್ನು ಸೋಪಿನ ನೀರಿನಿಂದ ತೊಳೆದು, ನೀರಿಗೆ ತಾಳುವ ಉಪ್ಪುಕಾಗದದಿಂದ ಒದ್ದೆಯಾಗಿಯೇ ಹಗುರವಾಗಿ ಉಜ್ಜಿ. 220ನೇ ಸಂಖ್ಯೆಯ ಕಾಗದದ ಕಣಗಳು ಸುಮಾರು 65 ಮೈಕ್ರಾನ್, 400ರವು ಸುಮಾರು 35. ಕೊನೆಯ ಲೇಪಕ್ಕೆ ಮುಂಚೆ ಎರಡನೆಯದು ಸಾಕು. ಒಣ ಉಜ್ಜುವಿಕೆಯಲ್ಲಿ ಏಳುವ ನವಿರಾದ ಪುಡಿ ದಿನಗಟ್ಟಲೆ ನೆಲ, ಹಾಸಿಗೆ, ಆಟಿಕೆಗಳ ಮೇಲೆ ಕೂರುತ್ತದೆ. ಕೆಲಸ ಮುಗಿಯುವವರೆಗೆ ಮಕ್ಕಳೂ ಗರ್ಭಿಣಿಯರೂ ಆ ಕೋಣೆಗೆ ಬರುವುದು ಬೇಡ. ಬಾಗಿಲಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಇಳಿದ ಕೆಸರನ್ನು ಹಳೆಯ ಬಟ್ಟೆಯಿಂದ ಒರೆಸಿ ತೆಗೆಯಿರಿ. ಆ ಬಟ್ಟೆಯನ್ನು ಮತ್ತೆ ಒಗೆದು ಬಳಸಬೇಡಿ, ನೀರೊಲೆಗೂ ಹಾಕಬೇಡಿ.